‘ಪ್ರೊಫೆಷನಲ್ ಯಾವಾಗ ಆಗ್ತಿ?’ ಅನ್ನುವವರಿಗೆ

ಹುಬ್ಬಳ್ಳಿಯಲ್ಲಿ ನನ್ನದೊಂದು ಗ್ಯಾರೇಜ್. ಹವ್ಯಾಸಕ್ಕೆ ಡ್ರ್ಯಾಗ್ ರೇಸ್ ಬೈಕ್ ಓಡಿಸುತ್ತೇನೆ: ಇಬ್ಬಿಬ್ಬರು ಪಕ್ಕಪಕ್ಕ ನಿಂತು ನೇರ ಹಾದಿಯಲ್ಲಿ ಹೊಡೆಯುವ ಸಣ್ಣ ಓಟ. ಗೋಕುಲ ರೋಡಿನಿಂದ ದುರ್ಗದಬೈಲ್‌ತನಕ ಸಿಕ್ಕವರೆಲ್ಲ ಕೇಳುವುದು ಒಂದೇ: “ಪ್ರೊಫೆಷನಲ್ ಯಾವಾಗ ಆಗ್ತಿ?” ಆಗಲ್ಲ. ಇನ್ನು ಬಾಯಿ ನೋಯಿಸಿಕೊಳ್ಳಲ್ಲ, ಇದನ್ನೇ ಓದಿಕೊಳ್ಳಿ.

ಗದಗಿನ ಒಂದು ಮದುವೆಯಲ್ಲಿ, ಮಾದಲಿ ಬಡಿಸುವ ಹೊತ್ತಿಗೆ, ದೂರದ ಸಂಬಂಧದ ಕಾಕಾ ಪಂಕ್ತಿಯ ಆ ತುದಿಯಿಂದ ಕೂಗಿದರು: “ತಮ್ಮಾ, ನಮ್ಮ ಹುಡುಗ ಬೈಪಾಸ್ ಮ್ಯಾಲೆ ಪಲ್ಸರ್ ನೂರಾ ಮೂವತ್ತು ಹೊಡೀತಾನ. ನೀ ಅಂತೂ ಆಗಲಿಲ್ಲ, ಅವನ್ನರ ಅಮೆರಿಕಾಕ್ಕ ಕಳಸೂಣೇನು?” ಇಡೀ ಪಂಕ್ತಿ ನಕ್ಕಿತು. ನಾನು ಇನ್ನಷ್ಟು ತುಪ್ಪ ಹಾಕಿಸಿಕೊಂಡೆ. ಅವತ್ತು ಹೇಳದ್ದು ಈಗ ಹೇಳ್ತೀನಿ ಕಾಕಾ: ಬೈಪಾಸಿನಲ್ಲಿ ಎದುರಿಗೆ ಲಾರಿ ಬರ್ತದ, ಸ್ಟ್ರಿಪ್ಪಿನಲ್ಲಿ, ಅಂದ್ರ ಡ್ರ್ಯಾಗ್ ರೇಸಿನ ಹಾದಿಯಲ್ಲಿ, ಬರಂಗಿಲ್ಲ. ಮಿಕ್ಕ ವ್ಯತ್ಯಾಸವೆಲ್ಲ ದುಡ್ಡಿಂದು.

ಒಂದು ಕಾಲಕ್ಕೆ ಈ ಪ್ರಶ್ನೆಗೆ ಅರ್ಥವಿತ್ತು. 1951ರಲ್ಲಿ ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ಹುಟ್ಟಿದ್ದೇ ರಸ್ತೆಯಲ್ಲಿ ಹಾರಾಡುವ ಹುಡುಗರನ್ನು ಒಂದು ಶಿಸ್ತಿಗೆ ತರಲು. ಫ್ಲಾರಿಡಾದ ಡಾನ್ ಗಾರ್ಲಿಟ್ಸ್ ತಾನೇ ಗಾಡಿ ಕಟ್ಟಿ ತಾನೇ ಓಡಿಸಿದವ. 1970ರಲ್ಲಿ ಟ್ರಾನ್ಸ್‌ಮಿಷನ್ ಸಿಡಿದು ಒಂದು ಪಾದದ ಮುಂಭಾಗ ಹೋಯಿತು. ಮರುವರ್ಷವೇ ಎಂಜಿನ್ನನ್ನು ತನ್ನ ಬೆನ್ನ ಹಿಂದಕ್ಕೆ ಸರಿಸಿದ ಗಾಡಿ ತಂದು ಗೆದ್ದ.

ಈಗ ಎಲ್ಲಕ್ಕಿಂತ ಮೇಲಿನ ವರ್ಗವಾದ ಟಾಪ್ ಫ್ಯೂಯೆಲ್ ಗಾಡಿಗೆ 11,000ಕ್ಕೂ ಮಿಕ್ಕ ಅಶ್ವಶಕ್ತಿ. ನಾಲ್ಕು ಸೆಕೆಂಡಿನೊಳಗೆ ಓಟ ಮುಗಿದರೆ, ಪ್ರತಿ ಸಲವೂ ಎಂಜಿನ್ ಬಿಚ್ಚಿ ಮತ್ತೆ ಜೋಡಿಸಲು ಒಂದು ತಂಡವೇ ಬೇಕು. 2008ರಲ್ಲಿ ಚಾಲಕ ಸ್ಕಾಟ್ ಕಲಿಟ್ಟಾ ಸ್ಟ್ರಿಪ್ಪಿನಲ್ಲಿ ಅಪಘಾತವಾಗಿ ಸತ್ತ ಮೇಲೆ ಇಂಥ ಗಾಡಿಗಳ ಓಟವನ್ನು 1,320 ಅಡಿಯಿಂದ 1,000 ಅಡಿಗೆ ಇಳಿಸಿದರು. ಖರ್ಚು ಇಳಿಸಿದವರು ಯಾರೂ ಇಲ್ಲ. ಕೆಳಗಿನ ವರ್ಗದಿಂದ ಮೇಲೆ ಹೋದವರಿಲ್ಲವೇ? ಇದ್ದಾರೆ. ಸ್ಟೀವ್ ಟಾರೆನ್ಸ್ 2005ರಲ್ಲಿ ಆಲ್ಕೊಹಾಲ್ ಡ್ರ್ಯಾಗ್‌ಸ್ಟರ್ ಚಾಂಪಿಯನ್, 2018ರಿಂದ ಸತತ ನಾಲ್ಕು ಸಲ ಟಾಪ್ ಫ್ಯೂಯೆಲ್ ಚಾಂಪಿಯನ್. ಅವನ ಬೆನ್ನಿಗೆ ಮನೆಯವರ ಪೈಪ್‌ಲೈನ್ ಕಂಪನಿ ಇತ್ತು. ನಮ್ಮಪ್ಪನದು ಕಿರಾಣಿ ಅಂಗಡಿ.

ಹಾಗಂತ ಹವ್ಯಾಸಿಗಳು ಮಾಯವಾಗಿಲ್ಲ. ಅದೇ ಸ್ಟ್ರಿಪ್ಪಿನಲ್ಲಿ, ಅದೇ ವಾರಾಂತ್ಯ, ತಮ್ಮ ಕಿಸೆಯ ದುಡ್ಡು ಕಟ್ಟಿ ಓಡಿಸುತ್ತಾರೆ. ಅವರ ಸರದಿ ಬಂದಾಗ ಜನ ಊಟಕ್ಕೆ ಏಳುತ್ತಾರೆ, ಅಷ್ಟೇ. ಧಾರವಾಡದಲ್ಲಿ ಸಂಜೆ ಹಾರ್ಮೋನಿಯಂ ಹಿಡಿದು ಕೂಡುವ ಬ್ಯಾಂಕಿನ ಕಾರಕೂನರನ್ನು “ಭೀಮಸೇನ ಜೋಶಿ ಯಾವಾಗ ಆಗ್ತೀರಿ?” ಅಂತ ಯಾರಾದರೂ ಕೇಳುತ್ತಾರೇನು? ನನ್ನನ್ನು ಮಾತ್ರ ಯಾಕೆ ಕೇಳಬೇಕು?

ಕೇಳಲೇಬೇಕೆಂದಿದ್ದರೆ ಇದನ್ನು ಕೇಳಿ: ನಿಧಾನದ ಗಾಡಿ ಜೋರಿನ ಗಾಡಿಯನ್ನು ಸೋಲಿಸೋದು ಹೆಂಗ? ಬ್ರ್ಯಾಕೆಟ್ ರೇಸ್ ಅಂತಿದೆ, ಹವ್ಯಾಸಿಗಳ ಅಸಲಿ ಆಟ. ನಿನ್ನ ಗಾಡಿ ಎಷ್ಟು ಸೆಕೆಂಡು ತಗೊಳ್ಳುತ್ತದೆ ಅಂತ ಮೊದಲೇ ಬರೆದುಕೊಡಬೇಕು. ಎರಡೂ ಗಾಡಿಗಳಿಗೆ ಬರೆದ ಸೆಕೆಂಡುಗಳ ಅಂತರದಷ್ಟು ಹೊತ್ತು ಮುಂಚೆ ನಿಧಾನದ ಗಾಡಿಗೆ ಹೊರಡುವ ದೀಪ ಹತ್ತುತ್ತದೆ. ಬರೆದದ್ದಕ್ಕಿಂತ ನೀನೊಬ್ಬನೇ ಬೇಗ ಮುಟ್ಟಿದರೆ ಸೋತೆ. ಹೌದು, ಜೋರಾಗಿ ಓಡಿಸಿದ್ದಕ್ಕೇ ಸೋಲು. ಬೇಕೆಂದೇ ಕಡಿಮೆ ಬರೆದರೆ ಎದುರಿನವನು ಅಷ್ಟು ಕಡಿಮೆ ಹೊತ್ತು ಕಾಯುತ್ತಾನೆ, ಅಲ್ಲೂ ಲಾಭವಿಲ್ಲ. ಮಧ್ಯಾಹ್ನದ ಬಿಸಿಗೆ ಗಾಳಿ ತೆಳುವಾಗಿ ಎಂಜಿನ್ ಸೊರಗುತ್ತದೆ, ಮುಂಜಾನೆ ಬರೆದ ಅಂಕಿ ಆಗ ನಡೆಯಲ್ಲ. ಎಷ್ಟು ಏರಿಸಬೇಕು? ಗಾಡಿಗೆ ಗಾಡಿಗೆ ಬೇರೆ ಲೆಕ್ಕ. ನನ್ನದರದ್ದು ಬೇಕಿದ್ದರೆ ಗ್ಯಾರೇಜಿಗೆ ಬನ್ನಿ, ಒಂದು ತಾಸು ಹಿಡಿಯುತ್ತದೆ, ಚಹಾ ನಿಮ್ಮ ಖರ್ಚು.