ಟೈನ್‌ಮೌತಿನ ದೋಣಿ, ಕಾಳಿಯ ಅಳಿವೆ

ಕಡಲಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ದೋಣಿಗೆ ಇಂಗ್ಲೆಂಡಿನಲ್ಲಿ ಮೊದಲು ಎಂಜಿನ್ ಕೂರಿಸಿದ್ದು 1904ರಲ್ಲಿ. ಅದಕ್ಕೆಂದು ಹೊಸ ದೋಣಿ ಕಟ್ಟಲಿಲ್ಲ. ಫೋಕ್‌ಸ್ಟನ್‌ನಲ್ಲಿ 1893ರಿಂದ ಹುಟ್ಟು ಹಾಕಿ ಓಡಿಸುತ್ತಿದ್ದ ‘ಜೆ. ಮೆಕಾನೆಲ್ ಹಸ್ಸಿ’ ಎಂಬ ದೋಣಿಗೆ 9 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಜೋಡಿಸಿದರು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲೂ ನಾಡದೋಣಿಗೆ 10 ಅಶ್ವಶಕ್ತಿಯವರೆಗೆ ಬಿಡುತ್ತಾರಲ್ಲ, ಅದಕ್ಕಿಂತ ಒಂದು ಕಡಿಮೆ.

ಆಗ ಎದುರಾದ ತೊಂದರೆಗಳು ಕಾರವಾರದ ಬೈತಖೋಲ ಬಂದರಿನ ಯಾವ ತಾಂಡೇಲನಿಗೂ (ದೋಣಿ ನಡೆಸುವವನಿಗೂ) ಹೊಸವಲ್ಲ. ಉಪ್ಪುನೀರು ಸಿಡಿದು ಕಿಡಿ ಹತ್ತದೆ ಎಂಜಿನ್ ಸಾಯುವುದು ಒಂದು. ಅದಕ್ಕೆ ಎಂಜಿನನ್ನು ನೀರು ಹೋಗದ ಪೆಟ್ಟಿಗೆಯೊಳಗೆ ಮುಚ್ಚಿದರು. ನೀರನ್ನು ತಳ್ಳುವ ಫ್ಯಾನಿಗೆ ಹಗ್ಗ ಸುತ್ತುವುದು, ನೆಲ ತಾಗುವುದು ಇನ್ನೊಂದು. ಅದಕ್ಕೆ ದೋಣಿಯ ತಳದಲ್ಲಿ ಸುರಂಗದಂಥ ಪೊಳ್ಳು ಮಾಡಿ ಫ್ಯಾನನ್ನು ಒಳಗೆ ಕೂರಿಸುವ ಪದ್ಧತಿ ಬಂತು. ಮಗುಚಿದರೆ ಎಂಜಿನ್ ತಾನಾಗಿ ನಿಲ್ಲುವ ವ್ಯವಸ್ಥೆಯೂ ಬಂತು. ಅದು ನಿಲ್ಲದಿದ್ದರೆ, ಮಗುಚಿದರೂ ತಾನೇ ನೆಟ್ಟಗಾಗುವ ಈ ದೋಣಿ ಎದ್ದು ಕೂತು, ನೀರಿನಲ್ಲಿರುವ ತನ್ನ ಜನರನ್ನೇ ಬಿಟ್ಟು ಹೊರಟುಹೋಗುತ್ತದೆ. ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನನ್ನು ನಿಲ್ಲಿಸುವ ಕೆಂಪು ಹಗ್ಗವನ್ನು ಮುಂಗೈಗೋ ಸೊಂಟಕ್ಕೋ ಸಿಕ್ಕಿಸಿಕೊಳ್ಳುವುದೂ ಇದಕ್ಕೇ. ಅದನ್ನು ಎಂಜಿನ್ನಿಗೇ ಸುತ್ತಿಡುವುದು ದೊಡ್ಡ ತಪ್ಪು.

1905ರಲ್ಲಿ ಆ ‘ಹಸ್ಸಿ’ ದೋಣಿ ಈಶಾನ್ಯ ಇಂಗ್ಲೆಂಡಿನ ಟೈನ್‌ಮೌತಿಗೆ ಬಂದಾಗ ಅಲ್ಲಿಯವರು ಎಂಜಿನನ್ನು ನಂಬಲಿಲ್ಲ. ಸೇನೆಯ ಎಂಜಿನಿಯರ್ ದಳದ ಬರ್ಟನ್ ಮುಂದೆ ಬಂದು ಹೊಣೆ ಹೊತ್ತರು. 1914ರಲ್ಲಿ ಟೈನ್‌ಮೌತಿಗೆ ‘ಹೆನ್ರಿ ವರ್ನನ್’ ಎಂಬ ಎಂಜಿನ್ ದೋಣಿ ಬಂತು.

ಅದೇ ವರ್ಷ ಅಕ್ಟೋಬರ್ 30ರಂದು ‘ರೋಹಿಲ್ಲಾ’ ಎಂಬ ಆಸ್ಪತ್ರೆ ಹಡಗು ಅದೇ ತೀರದ ವಿಟ್‌ಬಿ ಬಳಿ ಬಂಡೆಗೆ ಬಡಿಯಿತು. ವಿಟ್‌ಬಿಯ ಹುಟ್ಟಿನ ದೋಣಿ ಎರಡು ಸಲ ಹೋಗಿ 35 ಜನರನ್ನು ತಂದಿತು, ಅಷ್ಟರಲ್ಲಿ ತಾನೇ ಒಡೆಯಿತು. ಬೇರೆ ದೋಣಿಗಳಿಗೆ ಹತ್ತಿರ ಹೋಗಲೇ ಆಗಲಿಲ್ಲ. ‘ಹೆನ್ರಿ ವರ್ನನ್’ ಟೈನ್‌ಮೌತಿನಿಂದ ಕತ್ತಲಲ್ಲಿ 45 ಮೈಲಿ ಬಂತು. ಹೆಚ್ಚುಕಡಿಮೆ ಕಾರವಾರದಿಂದ ಕುಮಟೆಗೆ ರಸ್ತೆಯಲ್ಲಿ ಹೋದಷ್ಟು ದೂರ, ಅದೂ ಯುದ್ಧದಿಂದಾಗಿ ದೀಪಗಳೆಲ್ಲ ಆರಿದ್ದ ತೀರದಲ್ಲಿ. ನವೆಂಬರ್ 1ರ ಬೆಳಗಿನ ಜಾವ ಹಡಗಿನ ಸುತ್ತ ಎಣ್ಣೆ ಸುರಿದು ಉಳಿದಿದ್ದ 50 ಜನರನ್ನು ಇಳಿಸಿಕೊಂಡಿತು. ಎಣ್ಣೆ ಹಾಕಿದರೆ ತೆರೆಯ ಎತ್ತರವೇನೂ ತಗ್ಗುವುದಿಲ್ಲ. ಗಾಳಿಯ ಹಿಡಿತ ತಪ್ಪಿ ಅದರ ತಲೆ ಮುರಿಯುವುದು ನಿಲ್ಲುತ್ತದೆ, ಅಷ್ಟೆ. ದೋಣಿಯನ್ನು ಮಗುಚಿಸುವುದು ಮುರಿಯುವ ತೆರೆಯೇ.

ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ಅಳಿವೆಯಲ್ಲಿ ಕಾಣುವುದೂ ಅದನ್ನೇ. ಇಳಿತದ ನೀರು ಹೊರಗೆ ಓಡುವಾಗ ಎದುರಿನಿಂದ ತೆರೆ ಬಂದರೆ, ಮರಳು ದಿಬ್ಬದ ಮೇಲೆ ಅದು ಕಡಿದಾಗಿ ಎದ್ದು ಮುರಿಯುತ್ತದೆ. ಅಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಮುಂದಿನ ತೆರೆಗೆ ಮಗುಚುತ್ತದೆ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದದ್ದು ಈ ಊರು ಮರೆಯುವಂಥದ್ದಲ್ಲ. ಜೀವರಕ್ಷಕ ಜಾಕೆಟ್ ಎಲ್ಲರ ಮೈಮೇಲೂ ಇರಬೇಕು. ಮೂಲೆಯಲ್ಲಿ ಗಂಟು ಕಟ್ಟಿಟ್ಟದ್ದು ಲೆಕ್ಕಕ್ಕಿಲ್ಲ.

ರಕ್ಷಣೆಗೆ ಇಟ್ಟ ದೋಣಿ ಕೆಡುವುದು ಹೆಚ್ಚಾಗಿ ಕೂತಲ್ಲೇ. ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು, ಕೆಸರು ನಿಂತಿರುತ್ತದೆ. ದಡದಲ್ಲಿ ಚಾಲೂ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ತೆರೆಯಲ್ಲಿ ಕುಲುಕಿದ ಕೂಡಲೇ ಎಲ್ಲ ಮೇಲೆದ್ದು ಫಿಲ್ಟರ್ ಕಟ್ಟುತ್ತದೆ. ಟ್ಯಾಂಕ್ ತುಂಬಿಸಿಯೇ ಇಡಿ, ಖಾಲಿ ಜಾಗವಿದ್ದರೆ ಒಳಗೆ ಹನಿ ಕಟ್ಟುತ್ತದೆ. ನೀರು ಬೇರ್ಪಡಿಸುವ ಫಿಲ್ಟರಿನ ತಳದ ತಿರುಪು ಬಿಚ್ಚಿ ವಾರಕ್ಕೊಮ್ಮೆ ಬಸಿಯಿರಿ. ಇನ್ನೊಂದು ಫಿಲ್ಟರ್, ಅದಕ್ಕೆ ಬೇಕಾದ ಪಾನಾ ದೋಣಿಯಲ್ಲೇ ಇರಲಿ. ಫಿಲ್ಟರ್ ಬದಲಿಸಿದ ಮೇಲೆ ಡೀಸೆಲ್ ಕೊಳವೆಯೊಳಗಿನ ಗಾಳಿ ತೆಗೆಯಲು ಬರುವವರು ಇಬ್ಬರಾದರೂ ಇರಬೇಕು. ವಾರಕ್ಕೊಮ್ಮೆ ಅರ್ಧ ಗಂಟೆ ಹೊರಗೆ ಓಡಿಸಿ, ಕಟ್ಟಿದಲ್ಲೇ ಗುರುಗುಟ್ಟಿಸಿದರೆ ಸಾಲದು.

ಔಟ್‌ಬೋರ್ಡ್ ಆದರೆ ಬಂದ ಕೂಡಲೇ 10 ನಿಮಿಷ ಸಿಹಿನೀರಿನಲ್ಲಿ ಓಡಿಸಿ. ಹಿಂದಿನಿಂದ ಚಿಮ್ಮುವ ನೀರಿನ ಎಳೆ ಸಣ್ಣದಾದರೆ ಮೊದಲು ದಾರಿಯಲ್ಲಿ ಉಪ್ಪು, ಮರಳು ಕಟ್ಟಿದೆಯೇ ನೋಡಿ. ಅದು ಸರಿಯಿದ್ದರೆ ಪಂಪಿನ ರಬ್ಬರ್ ಚಕ್ರ ಸವೆದಿದೆ ಎಂದು. ಗೇರ್ ಎಣ್ಣೆ ಹಾಲಿನಂತೆ ಬಿಳಿಚಿದರೆ ಸೀಲ್ ಹೋಗಿ ನೀರು ಸೇರಿದೆ. ಸತುವಿನ ತುಂಡು ಅರ್ಧ ಕರಗಿದಾಗಲೇ ಬದಲಿಸಿ, ಅದಕ್ಕೆ ಬಣ್ಣ ಮಾತ್ರ ಬಳಿಯಬೇಡಿ.

ಇದೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ: ತಾರೀಖು, ಎಂಜಿನ್ ಓಡಿದ ಗಂಟೆ, ಬಸಿದ ನೀರು ಎಷ್ಟು, ಬದಲಿಸಿದ ಭಾಗ ಯಾವುದು, ಯಾರು ಮಾಡಿದರು. ಅದರ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸರ 1093, ವಿಎಚ್ಎಫ್ ರೇಡಿಯೋದ ತುರ್ತು ಚಾನೆಲ್ 16.