ಮನೆಯಲ್ಲೇ ಚಹಾ ಮಾಡ್ಕೊಳ್ಳಬಹುದಲ್ವಾ?

ಈ ಪ್ರಶ್ನೆಯನ್ನು ನಮ್ಮ ಅತ್ತೆ ಕೇಳಿದ್ದಾರೆ, ಪಕ್ಕದ ಮನೆಯವರು ಕೇಳಿದ್ದಾರೆ, ಬೆಂಗಳೂರಿನ ತಂಗಿಯಂತೂ ಬಂದಾಗಲೆಲ್ಲ ಕೇಳುತ್ತಾಳೆ. ಮನೆಯಲ್ಲಿ ಹಾಲಿದೆ, ಚಹಾಪುಡಿ ಇದೆ, ಆದರೂ ಬೀದರಿನ ಹಳೇ ಊರಿನ ಸಂದಿಗೊಂದಿ ದಾಟಿ ಚೌಬಾರಾ ಗೋಪುರದ ಹತ್ತಿರದ ಆ ಹೊಗೆ ಹಿಡಿದ ಹೋಟೆಲಿಗೇ ಯಾಕೆ ಹೋಗ್ತೀಯಾ ಅಂತ.

ಅಲ್ಲಿಯ ಇರಾನಿ ಚಹಾ ಮನೆಯಲ್ಲಿ ಆಗುವುದಿಲ್ಲ, ಅದಕ್ಕೆ. ಮನೆಯಲ್ಲಿ ನಾವು ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ, ಐದು ನಿಮಿಷ ಕುದಿಸಿ ಸೋಸುತ್ತೇವೆ. ಇರಾನಿ ಚಹಾಕ್ಕೆ ಎರಡು ಪಾತ್ರೆ ಬೇಕು. ಒಂದರಲ್ಲಿ ನೀರು, ಪುಡಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬಿರಿಯಾನಿಗೆ ಕೊಟ್ಟ ಹಾಗೆ ದಮ್ ಕೊಡುತ್ತಾರೆ. ಇನ್ನೊಂದರಲ್ಲಿ ಹಾಲು ಕಾದು ಕಾದು ಗಟ್ಟಿಯಾಗಿರುತ್ತದೆ. ಅವೆರಡೂ ಸೇರುವುದು ಕಪ್ಪಿನಲ್ಲೇ. ನಾನೂ ಒಂದು ಸಲ ಮನೆಯಲ್ಲಿ ಮಾಡಿ ನೋಡಿದೆ. ಹಾಲು ತಳ ಹಿಡಿಯಿತು.

ಹೈದರಾಬಾದಿನ ಈ ರುಚಿ ನಮ್ಮ ಊರಿಗೆ ಹೊಸದಲ್ಲ. 1948ರವರೆಗೆ ನಾವು ನಿಜಾಮರ ಹೈದರಾಬಾದ್ ರಾಜ್ಯದಲ್ಲೇ ಇದ್ದವರು, ಕನ್ನಡ ನಾಡಿಗೆ ಸೇರಿದ್ದು 1956ರಲ್ಲಿ. ಜೊತೆಗೆ ಕೊಡುವ ಉಸ್ಮಾನಿಯಾ ಬಿಸ್ಕೀಟಿಗೂ ಕೊನೆಯ ನಿಜಾಮರದೇ ಹೆಸರು. ಸ್ವಲ್ಪ ಉಪ್ಪು, ಸ್ವಲ್ಪ ಸಿಹಿ. ಅದ್ದಿದ ಕೂಡಲೇ ಬಾಯಿಗೆ ಹಾಕಬೇಕು, ಇಲ್ಲಾಂದ್ರೆ ಅರ್ಧ ಬಿಸ್ಕೀಟು ಕಪ್ಪಿನ ತಳದಲ್ಲಿರುತ್ತದೆ.

ಆದರೆ ನಿಜ ಹೇಳಬೇಕಂದ್ರೆ ಚಹಾ ಒಂದಕ್ಕೇ ಹೋಗುವುದಲ್ಲ. ಮನೆಯಲ್ಲಿ ಆರು ಜನಕ್ಕೆ ನಾನೇ ಚಹಾ ಮಾಡಿ, ಎಲ್ಲರಿಗೂ ಕೊಟ್ಟು, ಕೊನೆಗೆ ಉಳಿದದ್ದನ್ನು ಒಲೆಯ ಮುಂದೆ ನಿಂತೇ ಕುಡಿಯುತ್ತೇನೆ, ಅದೂ ಆರಿರುತ್ತದೆ. ಅಲ್ಲಿ ನನಗಾಗಿ ಬೇರೆಯವರು ಮಾಡಿ, ಕಪ್ಪು-ಬಸಿಯಲ್ಲಿ ಮುಂದೆ ತಂದಿಡುತ್ತಾರೆ. ಅಷ್ಟೇ ನನಗೆ ಬೇಕಾಗಿರುವುದು. ಮೊದಮೊದಲು ಒಬ್ಬಳೇ ಕೂತರೆ ಜನ ತಿರುಗಿ ನೋಡುತ್ತಿದ್ದರು. ಈಗ ಹುಡುಗ ಬಂದು "ಅಕ್ಕಾ, ಬಿಸ್ಕೀಟ್ ಕೊಡ್ಲೇನ್ರಿ?" ಅಂತಾನೆ.

ಎದುರಿನ ಮೇಜಿಗೆ ಆಗಾಗ ಒಬ್ಬ ವಯಸ್ಸಾದ ಬಿದರಿ ಕೆಲಸದವರು, ಅಂದರೆ ಸತುವಿನ ಪಾತ್ರೆಗೆ ಬೆಳ್ಳಿ ಚಿತ್ತಾರ ಕೂರಿಸುವವರು, ಬರುತ್ತಾರೆ. ಬೆಳ್ಳಿ ಕೂರಿಸಿದ ಮೇಲೆ ಆ ಪಾತ್ರೆಯನ್ನು ಕಪ್ಪು ಮಾಡುವುದಕ್ಕೆ ನಮ್ಮ ಕೋಟೆಯ ಮಣ್ಣೇ ಬೇಕು, ಗೊತ್ತಲ್ವಾ? ಅವರ ಉಗುರಿನ ಸುತ್ತ ಆ ಕಪ್ಪು ಹೋಗಿಯೇ ಇಲ್ಲ. ಚಹಾವನ್ನು ಬಸಿಗೆ ಸುರಿದು ಮೆಲ್ಲಗೆ ಊದುತ್ತಾರೆ, ಕೆನೆ ಸುಕ್ಕುಗಟ್ಟಿ ಅಂಚಿಗೆ ಸರಿಯುತ್ತದೆ, ಆಮೇಲೆ ಕಣ್ಣು ಮುಚ್ಚಿ ಒಂದು ಗುಟುಕು. ಡಿಸೆಂಬರಿನ ಚಳಿಯಲ್ಲಿ ಅದನ್ನು ನೋಡುತ್ತಾ ನಾನೂ ಬಸಿಯಲ್ಲೇ ಕುಡಿಯುವುದು ಕಲಿತೆ.

ತಂಗೀ, ಮುಂದಿನ ಸಲ ನೀನೂ ಬಾ. ಆದರೆ ಪಾರ್ಸಲ್ ಮಾತ್ರ ಕೇಳಬೇಡ. ಪ್ಲಾಸ್ಟಿಕ್ ಕವರಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ಅದು ಸುಮ್ನೆ ಸಿಹಿ ಹಾಲಾಗಿರುತ್ತದೆ.