ಫೋನ್ ಬ್ರ್ಯಾಂಡ್ ಬದಲಿಸಲು ಅಡ್ಡ ಬರುವುದು ಏನು?

ಒಂದೇ ಕಂಪನಿಯ ಫೋನನ್ನು ಮೂರ್ನಾಲ್ಕು ಸಲ ಕೊಂಡವರು ಆ ಹೆಸರಿಗೆ ಮರುಳಾಗಿಯೇ ಕೊಂಡಿರುತ್ತಾರೆ ಎನ್ನಲಾಗದು. ಎಷ್ಟೋ ಸಲ ಅವರನ್ನು ಹಿಡಿದಿಟ್ಟಿರುವುದು ಫೋನಿನ ಸುತ್ತಲಿನ ಸಾಮಾನು.

ನೋಕಿಯಾ 1100 ಬಂದದ್ದು 2003ರಲ್ಲಿ. ದೂಳು ಒಳಗೆ ಇಳಿಯದ ಕೀಪ್ಯಾಡ್, ‘ಸಿ’ ಗುಂಡಿ ಒತ್ತಿ ಹಿಡಿದರೆ ಹೊತ್ತಿಕೊಳ್ಳುವ ಟಾರ್ಚ್. ಜನ ಮೆಚ್ಚಿದ್ದು ಇದನ್ನೇ. ಆದರೆ ಎರಡನೇ ಸಲವೂ ನೋಕಿಯಾನೇ ಕೊಳ್ಳುವಂತೆ ಮಾಡಿದ್ದು ಬಿಎಲ್-5ಸಿ ಬ್ಯಾಟರಿ. ಅಗ್ಗದ 1100ಕ್ಕೂ ಅದೇ, ದುಬಾರಿ 6600ಕ್ಕೂ ಅದೇ. ಚಾರ್ಜರ್ ಮೊದಲು ದಪ್ಪ ಪಿನ್ನಿನದು, ಆಮೇಲೆ ಸಣ್ಣ ಪಿನ್ನಿನದು. ಪಕ್ಕದ ಮನೆಯಲ್ಲಿ ಕೇಳಿದರೂ ಸಿಗುತ್ತಿತ್ತು. ಮೆನು ಎಲ್ಲಿ, ಮೆಸೇಜ್ ಎಲ್ಲಿ ಎಂಬುದು ಹೆಬ್ಬೆರಳಿಗೇ ಗೊತ್ತಿತ್ತು.

ಈ ಕಟ್ಟು ಸಡಿಲವಾದದ್ದು ಎರಡು ಸಿಮ್‌ನಿಂದ. ಒಂದೇ ಕಂಪನಿಯ ನಂಬರುಗಳ ನಡುವೆ ಕರೆ ಅಗ್ಗ, ಬೇರೆ ಕಂಪನಿಗೆ ದುಬಾರಿ ಎಂಬ ಕಾಲ ಅದು. ಜನರಿಗೆ ಎರಡು ಸಿಮ್ ಬೇಕಾಗಿತ್ತು. ಮೈಕ್ರೋಮ್ಯಾಕ್ಸ್ ಮತ್ತು ಬೆಂಗಳೂರಿನ ಯುಟಿಎಲ್ ಕಂಪನಿಯ ಪಾಲುದಾರಿಕೆಯಿದ್ದ ಕಾರ್ಬನ್ ಎಂಬ ದೇಶಿ ಬ್ರ್ಯಾಂಡುಗಳು ಅದನ್ನು ಕಡಿಮೆ ಬೆಲೆಗೆ ಕೊಟ್ಟವು. ನೋಕಿಯಾ ಎಚ್ಚೆತ್ತದ್ದು ತಡವಾಗಿ. 2016ರಲ್ಲಿ ಜಿಯೋ ಬಂದಾಗ ಅದೇ ಪಾಡು ದೇಶಿ ಬ್ರ್ಯಾಂಡುಗಳಿಗೂ ಬಂತು: ಜಿಯೋದಲ್ಲಿ ನೇರವಾಗಿ ಮಾತಾಡಲು 4ಜಿ ವೋಲ್ಟಿ (4ಜಿ ಜಾಲದಲ್ಲೇ ಕರೆ ಸಾಗಿಸುವ ಸೌಲಭ್ಯ) ಇರುವ ಫೋನೇ ಬೇಕು, ಆ ಬ್ರ್ಯಾಂಡುಗಳ ಗೋದಾಮಿನಲ್ಲಿ 3ಜಿ ಫೋನುಗಳು ಉಳಿದಿದ್ದವು. ಶಿಯೋಮಿ, ವಿವೋ, ಒಪ್ಪೋ ಆ ಜಾಗಕ್ಕೆ ನುಗ್ಗಿದವು.

ಈಗಿನ ಕಟ್ಟುಗಳು ಬೇರೆ. ಮೊದಲನೆಯದು ಮತ್ತೆ ಚಾರ್ಜರೇ. ಈಗ ಎಲ್ಲವೂ ಟೈಪ್-ಸಿ, ನಿಜ. ಆದರೆ ಒಪ್ಪೋ, ಒನ್‌ಪ್ಲಸ್‌ಗಳ ಸೂಪರ್‌ವೂಕ್ ಎಂಬ ವೇಗದ ಚಾರ್ಜರ್ ತನ್ನದೇ ಕ್ರಮದಲ್ಲಿ ಫೋನಿನೊಂದಿಗೆ ಮಾತಾಡುತ್ತದೆ, ಸ್ಯಾಮ್‌ಸಂಗ್ ಕೇಳುವುದು ಪಿಡಿ (ಪವರ್ ಡೆಲಿವರಿ) ಎಂಬ ಬೇರೆ ಕ್ರಮ. ಪಿನ್ ಸರಿಯಾಗಿ ಕೂತರೂ ಮಾತು ಹೊಂದದಿದ್ದರೆ 80 ವ್ಯಾಟಿನ ಚಾರ್ಜರ್ ಕೂಡ ನಿಧಾನ ಚಾರ್ಜ್ ಮಾಡುತ್ತದೆ. ಇದನ್ನು ಹೊಸ ಫೋನಿನ ದೋಷ ಎಂದುಕೊಂಡು ಹಳೇ ಬ್ರ್ಯಾಂಡಿಗೇ ಮರಳುವುದು ಬೇಡ. ಬ್ರ್ಯಾಂಡ್ ಬದಲಿಸುವಾಗ ಹೊಸ ಫೋನ್ ಬೇಡುವ ಚಾರ್ಜರಿನ ಖರ್ಚನ್ನೂ ಸೇರಿಸಿಯೇ ಬೆಲೆ ಹೋಲಿಸಿ.

ಎರಡನೆಯದು ವಾಟ್ಸ್ಆ್ಯಪ್. ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗಾದರೆ ಸುಲಭ: ಗೂಗಲ್ ಖಾತೆಗೆ ಬ್ಯಾಕಪ್ ಮಾಡಿ, ಅದೇ ಖಾತೆ, ಅದೇ ನಂಬರಿನಿಂದ ಹೊಸ ಫೋನಿನಲ್ಲಿ ತೆರೆಯಿರಿ. ‘ರಿಸ್ಟೋರ್’ ಎಂದು ಕೇಳಿದಾಗ ಅವಸರದಲ್ಲಿ ‘ಸ್ಕಿಪ್’ ಒತ್ತಿದರೆ ಆ್ಯಪ್ ತೆಗೆದು ಮತ್ತೆ ಹಾಕಬೇಕು. ಐಫೋನಿಗೆ ಹೋಗುವಾಗ ಗೂಗಲ್ ಬ್ಯಾಕಪ್ ಉಪಯೋಗಕ್ಕೆ ಬರುವುದಿಲ್ಲ. ‘ಮೂವ್ ಟು ಐಒಎಸ್’ ಆ್ಯಪ್ ಬೇಕು, ಐಫೋನ್ ಹೊಸದಾಗಿರಬೇಕು ಇಲ್ಲವೇ ಪೂರ್ತಿ ರಿಸೆಟ್ ಆಗಿರಬೇಕು. ಎಲ್ಲ ಸೆಟ್ಟಿಂಗ್ ಮುಗಿಸಿ ವಾರವಾದ ಮೇಲೆ ಇದು ನೆನಪಾದರೆ ಕಷ್ಟ.

ಕಾಂಟ್ಯಾಕ್ಟ್‌ಗಳಲ್ಲಿ ಕೆಲವು ‘ಫೋನ್’ ಎಂಬಲ್ಲಿ, ಕೆಲವು ಸಿಮ್‌ನಲ್ಲಿ ಕೂತಿರುತ್ತವೆ. ಎಲ್ಲವನ್ನೂ ಗೂಗಲ್ ಖಾತೆಗೆ ಸೇರಿಸದೆ ಹಳೇ ಫೋನ್ ಅಳಿಸಬೇಡಿ. ಯುಪಿಐ ಹೊಸ ಫೋನಿನಲ್ಲಿ ಮತ್ತೆ ನೋಂದಣಿಯಾಗಬೇಕು; ಬ್ಯಾಂಕಿನಲ್ಲಿರುವ ನಂಬರಿನ ಸಿಮ್ ಅದರಲ್ಲೇ ಇರಲಿ, ಎಸ್ಸೆಮ್ಮೆಸ್ ಹೋಗುವಷ್ಟು ಬ್ಯಾಲೆನ್ಸೂ ಇರಲಿ.

ಎಕ್ಸ್‌ಚೇಂಜ್‌ಗೆ ಕೊಡುವ ಮುಂಚೆ ಹಳೇ ಫೋನಿನಿಂದ ಗೂಗಲ್ ಖಾತೆ ತೆಗೆದು, ಆಮೇಲೆ ರಿಸೆಟ್ ಮಾಡಿ. ಖಾತೆ ತೆಗೆಯದೆ, ಸೆಟ್ಟಿಂಗ್‌ಗೂ ಹೋಗದೆ, ಗುಂಡಿ ಒತ್ತಿ ಹಿಡಿದಾಗ ಬರುವ ರಿಕವರಿ ಮೆನುವಿನಿಂದ ಅಳಿಸಿದರೆ ಫೋನ್ ಹಳೇ ಪಾಸ್‌ವರ್ಡ್ ಕೇಳುತ್ತ ನಿಲ್ಲುತ್ತದೆ. ಹಳೇ ಫೋನ್ ಒಯ್ಯಲು ಮನೆ ಬಾಗಿಲಿಗೆ ಬಂದವರು ಅಂಥ ಫೋನನ್ನು ತೆಗೆದುಕೊಳ್ಳದೆ ಹೋಗಬಹುದು.